ಕೆರೆಯಂಚಿನ ಮನೆಗಳೂ ಏರಿಯ ಕಾವಲೂ

ಪಟ್ಟಣದಲ್ಲಿ ಮನೆ ಕೊಳ್ಳುವ ಗೃಹಸ್ಥನು ಈಚಿನ ವರ್ಷಗಳಲ್ಲಿ ಕೆರೆಯನ್ನು ಹುಡುಕಿಕೊಂಡು ಹೋಗುತ್ತಿದ್ದಾನೆ. ತಂಗಾಳಿ ಬೀಸುವುದು, ಹಕ್ಕಿಗಳು ಕಾಣುವುವು, ಸಂಜೆಯ ಹೊತ್ತು ಮಕ್ಕಳನ್ನು ಕರೆದುಕೊಂಡು ತಿರುಗಾಡಲು ಅನುಕೂಲವಾಗುವುದು ಎಂಬುದು ಒಂದು ಆಸೆ. ಕೊಳವೆಬಾವಿಯು ಬೇಗ ಬತ್ತಲಾರದೆಂಬುದು ಇನ್ನೊಂದು. ಎರಡೂ ಬಹುಮಟ್ಟಿಗೆ ನಿಜವೇ ಸರಿ. ಆದರೆ ಕ್ರಯಪತ್ರಕ್ಕೆ ರುಜು ಹಾಕುವ ಮೊದಲು ಆತನು ಕೇಳಬೇಕಾದ ಪ್ರಶ್ನೆಯೊಂದುಂಟು. ಕೇಳುವವರು ಮಾತ್ರ ಅಪರೂಪ. ಈ ಮನೆಯು ಏರಿಯ ಯಾವ ಮಗ್ಗುಲಿಗೆ ಇದೆ? ಇದೇ ಆ ಪ್ರಶ್ನೆ.

ಏರಿಯ ಕೆಳಮಗ್ಗುಲೆಂದರೆ ಹಿಂದಿನವರ ಅಚ್ಚುಕಟ್ಟು. ನಾಲ್ಕು ತಲೆಮಾರಿನ ಕೆಳಗೆ ಅಲ್ಲಿ ಬತ್ತ, ಕಬ್ಬು, ವೀಳೆಯದೆಲೆ ಬೆಳೆಯುತ್ತಿದ್ದುವು. ಆ ಗದ್ದೆಗಳನ್ನು ಮಟ್ಟಮಾಡಿ ಬಡಾವಣೆ ಎಬ್ಬಿಸಿದಮೇಲೂ ನೆಲದ ಮಟ್ಟ ಬದಲಾಗಲಿಲ್ಲ. ಕೆರೆ ತುಂಬಿದಾಗ ನೀರಿನ ಮೈ ಅಲ್ಲಿಯ ಮನೆಗಳ ಹೊಸ್ತಿಲಿಗಿಂತ ಮೇಲೆಯೇ ನಿಲ್ಲುತ್ತದೆ. ಮನೆಗೂ ನೀರಿಗೂ ನಡುವೆ ಇರುವುದು ಮಣ್ಣಿನ ಏರಿಯೊಂದೇ. ಮೇಲ್ಮಗ್ಗುಲಿನ ಮನೆಗಳ ಸ್ಥಿತಿ ಬೇರೆ. ಅವು ಹಿನ್ನೀರಿನ ಅಂಚಿನಲ್ಲಿರುವುವು. ಏರಿ ಒಡೆದರೆ ಅವುಗಳಿಗೆ ಅಪಾಯವಿಲ್ಲ, ಆದರೆ ಕೋಡಿಯು ಕಟ್ಟಿಕೊಂಡರೆ ನೀರು ಹಿಂದಕ್ಕೆ ಸರಿದು ಅಂಗಳಕ್ಕೆ ಬರುವುದು. ಹೀಗೆ ಒಂದೇ ಕೆರೆಯ ಸುತ್ತ ವಾಸಿಸುವ ನೆರೆಹೊರೆಯವರ ಹಿತವು ಎರಡು ದಿಕ್ಕಿಗೆ ಎಳೆಯುತ್ತದೆ. ನಿವಾಸಿಗಳ ಸಂಘಗಳಲ್ಲಿ ನಡೆಯುವ ಜಗಳಗಳಲ್ಲಿ ಅರ್ಧಪಾಲಿಗೆ ಮೂಲವು ಇಲ್ಲಿದೆಯೆಂದು ನನ್ನ ಎಣಿಕೆ.

ಬೆಂಗಳೂರಿನಲ್ಲಿ ಈ ಮಾತು ಬಹಳ ಮಟ್ಟಿಗೆ ಅನ್ವಯಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ ಕುಳಿತಿರುವ ಈ ಊರಿಗೆ ದೊಡ್ಡ ನದಿಯಿಲ್ಲ. ಬಿದ್ದ ಮಳೆ ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಎಂಬ ಕಣಿವೆಗಳಲ್ಲಿ ಇಳಿದು, ಒಂದು ಪಾಲು ಅರ್ಕಾವತಿಗೂ ಉಳಿದದ್ದು ದಕ್ಷಿಣ ಪಿನಾಕಿನಿಗೂ ಸೇರುತ್ತದೆ. ಹಿರಿಯರು ಆ ಇಳಿಜಾರುಗಳಿಗೆ ಅಡ್ಡವಾಗಿ ಏರಿಗಳನ್ನು ಕಟ್ಟಿ, ಒಂದರ ಕೋಡಿ ಮುಂದಿನದಕ್ಕೆ ಬೀಳುವಂತೆ ಕೆರೆಗಳನ್ನು ಸರಮಾಲೆಯಾಗಿ ಪೋಣಿಸಿದರು. ಅವುಗಳಲ್ಲಿ ಧರ್ಮಾಂಬುಧಿಯು ಬಸ್ಸುಗಳ ನಿಲ್ದಾಣವಾಯಿತು. ಸಂಪಂಗಿ ಕೆರೆಯು ಕ್ರೀಡಾಂಗಣವಾಯಿತು. ಉಳಿದವುಗಳ ಸುತ್ತಲೂ ಮನೆಗಳು ಎದ್ದುವು. ಸರದ ಒಂದು ಮಣಿ ಕಳಚಿದರೆ ಅದರ ನೀರಿನ ಭಾರವೆಲ್ಲ ಕೆಳಗಿನ ಮಣಿಯ ಮೇಲೆ ಬೀಳುವುದೆಂಬುದನ್ನು 2022ರ ಆಗಸ್ಟು-ಸೆಪ್ಟೆಂಬರಿನ ಮಳೆಯಲ್ಲಿ ಪೂರ್ವಭಾಗದ ಬಡಾವಣೆಗಳವರು ದೋಣಿ ಹತ್ತಿ, ಟ್ರಾಕ್ಟರು ಏರಿ ಹೊರಬರುವಾಗ ಕಂಡುಕೊಂಡರು.

ಏರಿ ಒಡೆಯಲು ಮಳೆಯೇ ಬೇಕೆಂದಿಲ್ಲ. 2019ನೆಯ ನವೆಂಬರು 24ರ ಭಾನುವಾರ ಬೆಂಗಳೂರಿನ ದಕ್ಷಿಣದ ಹುಳಿಮಾವು ಕೆರೆಯ ಏರಿ ಕಡಿದುಹೋಗಿ ಕೆಳಗಿನ ಬಡಾವಣೆಗಳ ನೂರಾರು ಮನೆಗಳಿಗೆ ನೀರು ನುಗ್ಗಿತು. ಏರಿಯ ಬಳಿ ಯಂತ್ರದಿಂದ ಅಗೆದದ್ದೇ ಕಾರಣವೆಂದು ಆಗ ಪತ್ರಿಕೆಗಳು ವರದಿಮಾಡಿದುವು. ಜನರು ಮಧ್ಯಾಹ್ನದ ಊಟ ಮುಗಿಸಿ ಕುಳಿತಿರುವ ಹೊತ್ತಿಗೆ ಬೀದಿಯಲ್ಲಿ ಮೊಣಕಾಲುಮಟ್ಟದ ನೀರು ಬಂದಿತೆಂದರೆ ಮನೆಯಾಕೆ ಏನನ್ನು ತಾನೆ ಮೊದಲು ಎತ್ತಿಡಬೇಕು! ಅಕ್ಕಿಯ ಡಬ್ಬವೋ, ಮಕ್ಕಳ ಪುಸ್ತಕಗಳೋ, ಕಾಗದಪತ್ರಗಳ ಪೆಟ್ಟಿಗೆಯೋ?

ಆದುದರಿಂದ ಏರಿಯ ಮೈಯನ್ನು ಸ್ವಲ್ಪವಾದರೂ ಬಲ್ಲವರಾಗಿರುವುದು ಕೆರೆಯಂಚಿನ ಗೃಹಸ್ಥರಿಗೆ ಅಗತ್ಯ. ಕೆರೆ ಎಷ್ಟು ವಿಶಾಲವಾಗಿದ್ದರೆ ಏರಿಗೆ ಅಷ್ಟು ಭಾರವೆಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ನೀರಿನ ನೂಕು ಅದರ ಆಳವನ್ನು ಹೊಂದಿಕೊಂಡಿರುವುದೇ ಹೊರತು ಹರವನ್ನಲ್ಲ. ಆಳವು ಇಮ್ಮಡಿಯಾದರೆ ಏರಿಯ ಪ್ರತಿಯೊಂದು ಅಡಿ ಉದ್ದದ ಮೇಲೆ ಬೀಳುವ ಒತ್ತಡವು ನಾಲ್ಮಡಿಯಾಗುವುದು. ಇದನ್ನು ತಾಳಲೆಂದೇ ಏರಿಯ ಬುಡವು ನೆತ್ತಿಗಿಂತ ಅನೇಕ ಪಾಲು ಅಗಲವಾಗಿರುವುದು. ಒಳಮೈಗೆ ಅಲೆಗಳು ಕೊರೆಯದಂತೆ ಕಲ್ಲು ಹಾಸಿರುವರು, ಹೊರಮೈಗೆ ಹುಲ್ಲು. ಹುಲ್ಲು ಒಳ್ಳೆಯದು, ಮರವು ಕೆಟ್ಟದ್ದು. ನೆರಳಿಗೆಂದು ಏರಿಯ ಮೇಲೆ ಆಲ, ಅರಳಿ ನೆಟ್ಟು ಸಂತೋಷಪಡುವ ಸಂಘದವರಿಗೆ ಈ ಮಾತು ರುಚಿಸಲಾರದು. ಆದರೆ ಮರ ಸತ್ತ ಮೇಲೆ ಅದರ ಬೇರು ಕೊಳೆತು ಉಳಿಯುವ ಬಿಲವು ನೀರಿಗೆ ತೆರೆದ ದಾರಿಯಾಗುವುದು. ಹೆಗ್ಗಣ, ಏಡಿ, ಗೆದ್ದಲು ಮಾಡುವ ಕೆಲಸವೂ ಇದೇ. ಅದರೊಂದಿಗೆ ಈಗ ಕೊಳವೆಗಳನ್ನೂ ತಂತಿಗಳನ್ನೂ ಹೂಳಲು ಏರಿಯನ್ನೇ ಸೀಳುವ ಗುತ್ತಿಗೆದಾರರು ಸೇರಿಕೊಂಡಿದ್ದಾರೆ. ಅಗೆದ ಕಾಲುವೆಯನ್ನು ಸಡಿಲ ಮಣ್ಣಿನಿಂದ ಮುಚ್ಚಿ ಮೇಲೆ ನಾಲ್ಕು ಸಲ ತುಳಿದರೆ ಅದು ಮತ್ತೆ ಏರಿಯಾಗುವುದಿಲ್ಲ. ಜಿಗಟುಮಣ್ಣನ್ನು ತೆಳುವಾದ ಪದರಗಳಲ್ಲಿ ಹರಡಿ, ಹದವಾಗಿ ನೀರು ಚಿಮುಕಿಸಿ, ಒಂದೊಂದು ಪದರವನ್ನೂ ದಮ್ಮಸು ಮಾಡಿದರೆ ಮಾತ್ರ ಹಳೆಯ ಮೈಯೊಡನೆ ಕೂಡಿಕೊಳ್ಳುವುದು.

ಹೊರಮೈಯ ಬುಡದಲ್ಲಿ ಜಿನುಗು ಕಂಡೊಡನೆ ಗಾಬರಿಪಡುವವರುಂಟು. ಮಣ್ಣಿನ ಏರಿಯಲ್ಲಿ ಒಂದಿಷ್ಟು ಜಿನುಗು ಇದ್ದೇ ಇರುವುದು. ನೋಡಬೇಕಾದದ್ದು ಅದರ ಬಣ್ಣವನ್ನು. ಜಿನುಗಿದ ನೀರು ತಿಳಿಯಾಗಿದ್ದು, ದಿನದಿಂದ ದಿನಕ್ಕೆ ಒಂದೇ ಪ್ರಮಾಣದಲ್ಲಿದ್ದರೆ ಸ್ವಲ್ಪ ಸಮಾಧಾನದಿಂದಿರಬಹುದು. ಕೆಂಪಾಗಿ ಕದಡಿ ಬರುತ್ತಿದ್ದರೆ ಅದು ಏರಿಯ ಒಳಗಿನ ಮಣ್ಣನ್ನು ಹೊತ್ತು ತರುತ್ತಿದೆಯೆಂದು ಅರ್ಥ. ಆಗ ತಡಮಾಡದೆ ಇಂಜಿನಿಯರಿಗೆ ಸುದ್ದಿ ಮುಟ್ಟಿಸಬೇಕು. ಇನ್ನೊಂದು ವಿಷಯ: ತೂಬಿನ ಕಲ್ಲುಕೊಳವೆಯು ಏರಿಯನ್ನು ತೂರಿಕೊಂಡು ಹೋಗುವುದರಿಂದ ಅದರ ಸಂದುಗಳ ಸುತ್ತ ಮೊದಲು ಸೋರಿಕೆ ಹುಟ್ಟುವುದು. ಗದ್ದೆಗಳಿಲ್ಲದ ಕೆರೆಗೆ ತೂಬೇಕೆಂದು ಅದಕ್ಕೆ ಗಾರೆ ಬಡಿದು ಮುಚ್ಚಿದ ಕೆರೆಗಳಿವೆ. ಅಪಾಯ ಬಂದಾಗ ನೀರನ್ನು ಇಳಿಸಲು ಅಲ್ಲಿ ಬೇರೆ ಬಾಗಿಲೇ ಇಲ್ಲ.

ಹಿಂದಿನವರು ಇದನ್ನೆಲ್ಲ ಹೇಗೆ ನೋಡಿಕೊಳ್ಳುತ್ತಿದ್ದರು? ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಶಾಸನವೊಂದಿದೆ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಅಲ್ಲಿ ಕಟ್ಟಿಸಿದ ಕೆರೆಗೆ ಸಾವಿರ ಮಂದಿ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದರೆಂದು ಅದು ತಿಳಿಸುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಬಾರದಿರಬೇಕಾದ ಆರು ದೋಷಗಳನ್ನೂ ಆ ಕಲ್ಲಿನಲ್ಲಿ ಕೊರೆದಿದ್ದಾರೆ. ದೋಷಗಳಲ್ಲಿ ಮೊದಲನೆಯದೇ ಏರಿಯಿಂದ ನೀರು ಸೋರುವುದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷ. ಇಬ್ಬರಿಗೆ ಸೇರಿದ್ದನ್ನು ಯಾರೂ ನೋಡಿಕೊಳ್ಳುವುದಿಲ್ಲವೆಂಬುದನ್ನು ಅವರು ಕಂಡಿದ್ದರೆಂದು ತೋರುತ್ತದೆ. ಏರಿ ಒಂದು ಇಲಾಖೆಗೆ, ಮೋರಿ ಇನ್ನೊಂದಕ್ಕೆ, ಸುತ್ತಲ ಬೇಲಿ ಮತ್ತೊಂದಕ್ಕೆ ಸೇರಿರುವ ಪಟ್ಟಣದ ಕೆರೆಗಳವರು ಈ ದೋಷವನ್ನು ಚೆನ್ನಾಗಿ ಬಲ್ಲರು.

ಕನ್ನಡ ನಾಡಿನ ಶಾಸನಗಳಲ್ಲಂತೂ ಕೆರೆಯಿಂದ ಮಣ್ಣು ಹೊರುವ ಬಂಡಿಯ ಮತ್ತು ಕೋಣಗಳ ಪೋಷಣೆಗೆಂದು ಭೂಮಿ ಬಿಟ್ಟ ಸಂಗತಿಗಳು ಹಲವು ಕಡೆ ದೊರೆಯುತ್ತವೆ. ಹೂಳು ತೆಗೆಯುವುದು ಇಪ್ಪತ್ತು ವರ್ಷಕ್ಕೊಮ್ಮೆ ಬರುವ ದೊಡ್ಡ ಕಾಮಗಾರಿಯಾಗಿರಲಿಲ್ಲ. ಮನೆ ಗುಡಿಸುವಂತೆ ನಿತ್ಯದ ಕೆಲಸವಾಗಿತ್ತು. ಕೆರೆ ಕಟ್ಟಿಸಿದವನಿಗೆ ಕಟ್ಟುಕೊಡಗೆಯ ಮಾನ್ಯ, ತೂಬು ತೆಗೆದು ಮುಚ್ಚುವ ನೀರುಗಂಟಿಗೆ ಧಾನ್ಯದ ಪಾಲು ಸಲ್ಲುತ್ತಿದ್ದುವು. ಬೇಸಗೆಯಲ್ಲಿ ಕೆರೆ ಬತ್ತಿದಾಗ ರೈತರು ತಾವೇ ಗಾಡಿ ಹೂಡಿಕೊಂಡು ಬಂದು ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಅದು ಗೊಬ್ಬರವೂ ಆಯಿತು, ಕೆರೆಯ ಆಳವೂ ಉಳಿಯಿತು. ಈ ಕಟ್ಟುಪಾಡು ಸಡಿಲವಾದುದನ್ನು ಕಂಡು ಮೈಸೂರು ಸರ್ಕಾರವು 1911ರಲ್ಲಿ ಕೆರೆ ಪಂಚಾಯಿತಿಗಳ ಕಾಯಿದೆಯೊಂದನ್ನು ಮಾಡಿತು. ಈ ಶತಮಾನದ ಆರಂಭದಲ್ಲಿ, 2002ರಿಂದ, ವಿಶ್ವಬ್ಯಾಂಕಿನ ನೆರವಿನಿಂದ ಹಳ್ಳಿಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿದ್ದೂ ಅದೇ ಎಳೆಯನ್ನು ಮತ್ತೆ ಹಿಡಿಯುವ ಯತ್ನ. ಅವೆಲ್ಲಕ್ಕೂ ಆಧಾರವು ಗದ್ದೆ. ಗದ್ದೆಯವನಿಗೆ ಕೆರೆಯಿಂದ ಅನ್ನ ಬರುತ್ತಿತ್ತು, ಆದ್ದರಿಂದ ಕೆರೆಗೆ ಆತನು ಬೆವರು ಕೊಟ್ಟನು. ಪಟ್ಟಣದ ಗೃಹಸ್ಥನಿಗೆ ಕೆರೆಯಿಂದ ಬರುವುದು ಗಾಳಿ ಮತ್ತು ನೋಟ. ಇಷ್ಟಕ್ಕಾಗಿ ಆತನು ಏನನ್ನು ಕೊಟ್ಟಾನು?

ಕೊಟ್ಟವರಿದ್ದಾರೆ. ಜಯಪ್ರಕಾಶನಗರದ ಏಳನೆಯ ಹಂತದ ಪುಟ್ಟೇನಹಳ್ಳಿ ಕೆರೆಯು ಹದಿಮೂರು ಎಕರೆಗೆ ಸ್ವಲ್ಪ ಮೇಲ್ಪಟ್ಟ ಚಿಕ್ಕ ಕೆರೆ. 2008ರ ಹೊತ್ತಿಗೆ ಅದು ಕಸ ಸುರಿಯುವ ಹಳ್ಳವಾಗುತ್ತಿತ್ತು. ಸುತ್ತಲಿನ ಮನೆಗಳವರು ಕೂಡಿ, ಕಚೇರಿಯಿಂದ ಕಚೇರಿಗೆ ಅಲೆದು, 2010ರಲ್ಲಿ ಒಂದು ಟ್ರಸ್ಟು ಮಾಡಿಕೊಂಡರು. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಹೂಳೆತ್ತಿಸಿ ಏರಿ ಸರಿಪಡಿಸಿದ ಮೇಲೆ, 2011ರಲ್ಲಿ ಕೆರೆಯ ದಿನನಿತ್ಯದ ಪಾಲನೆಯನ್ನು ಒಪ್ಪಂದದ ಮೂಲಕ ಆ ಟ್ರಸ್ಟಿಗೆ ವಹಿಸಿತು. ಸುತ್ತಲೂ ಕಟ್ಟಡಗಳು ಎದ್ದು ಮಳೆನೀರಿನ ದಾರಿ ಕುಗ್ಗಿದ್ದರಿಂದ ಅಲ್ಲಿ ನೀರಿಗೇ ಬರವಾಯಿತು. ಹತ್ತಿರದ ದೊಡ್ಡ ವಸತಿಸಮುಚ್ಚಯದಲ್ಲಿ ಶುದ್ಧಿಮಾಡಿದ ನೀರನ್ನು ಜೊಂಡಿನ ಮಡುವಿನ ಮೂಲಕ ಹಾಯಿಸಿ ಕೆರೆ ತುಂಬಿಸುವ ಏರ್ಪಾಟನ್ನು ಮಾಡಿದರು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯು ಇದಕ್ಕಿಂತ ದೊಡ್ಡದು, ಸುಮಾರು 48 ಎಕರೆ. ಅಲ್ಲಿ 2009ರಿಂದ 2011ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ ನೆರೆಯ ನಿವಾಸಿಗಳು ನಕ್ಷೆ ಬರೆಯುವಾಗಿನಿಂದಲೇ ಅಧಿಕಾರಿಗಳೊಡನೆ ಕುಳಿತು, ದನ ಮೇಯಿಸುವವರಿಗೂ ಮೀನು ಹಿಡಿಯುವವರಿಗೂ ಎಡೆಯಿರುವಂತೆ ನೋಡಿಕೊಂಡರು. ಇದು ಸಣ್ಣ ವಿಷಯವಲ್ಲ. ಬೇಲಿ ಹಾಕಿ, ಬೆಳಗ್ಗೆ ಸಂಜೆ ಎರಡು ಹೊತ್ತು ಬಾಗಿಲು ತೆರೆದು, ನೂರಾರು ವರ್ಷದಿಂದ ಕೆರೆಯೊಡನೆ ಬಾಳಿದ ಊರಿನವರನ್ನು ಹೊರಗೆ ನಿಲ್ಲಿಸಿದ ಸಂಘಗಳನ್ನೂ ಕಂಡಿದ್ದೇವೆ. ಆ ಕೆರೆಗಳಲ್ಲಿ ಏರಿಗೆ ಬಿಲ ಬಿದ್ದುದನ್ನು ಮೊದಲು ಕಾಣುವ ಕಣ್ಣುಗಳು ಹೊರಗೇ ಉಳಿದುವು.

ಹೂಳಿನ ಮಾತಿಗೆ ಬರೋಣ. ಸಂಘಗಳ ಸಭೆಯಲ್ಲಿ "ಹೂಳೆತ್ತಿಸಿಬಿಡೋಣ" ಎಂದು ಒಬ್ಬರು ಹೇಳುವರು, ಎಲ್ಲರೂ ಕೈ ಎತ್ತುವರು. ಲೆಕ್ಕ ಹಾಕುವವರು ಕಡಿಮೆ. ಒಂದು ಎಕರೆಯಲ್ಲಿ ಒಂದು ಅಡಿ ಹೂಳೆಂದರೆ 43,560 ಘನ ಅಡಿ. ಅಗೆದ ಮಣ್ಣು ಸಡಿಲಗೊಂಡು ಕಾಲು ಪಾಲಿನಷ್ಟು ಉಬ್ಬುವುದೆಂದೂ, ಒಂದು ಟಿಪ್ಪರು ಲಾರಿಯು 350 ಘನ ಅಡಿ ಹೊರುವುದೆಂದೂ ಇಟ್ಟುಕೊಂಡರೆ ಸುಮಾರು 155 ಲಾರಿ. ಹದಿಮೂರು ಎಕರೆಯ ಕೆರೆಯಲ್ಲಿ ಮೂರಡಿ ಹೂಳು ತೆಗೆಯಬೇಕಾದರೆ 6,000 ಲಾರಿಯಾಯಿತು. ದಿನಕ್ಕೆ 50 ಲಾರಿ ಬಡಾವಣೆಯ ಬೀದಿಯಲ್ಲಿ ಓಡಿದರೂ ನಾಲ್ಕು ತಿಂಗಳು ಬೇಕು. ಫೆಬ್ರುವರಿಯಲ್ಲಿ ತೊಡಗಿದರೆ ಮೇ ಕಳೆಯುವುದು, ಅಷ್ಟರಲ್ಲಿ ಮುಂಗಾರಿನ ಮೋಡ ಬಂದಿರುವುದು. ಧೂಳಿಗೆ ಕಿಟಕಿ ಮುಚ್ಚಿಕೊಂಡು, ಮಕ್ಕಳನ್ನು ಬೀದಿಗೆ ಬಿಡದೆ ನಾಲ್ಕು ತಿಂಗಳು ಕಳೆಯಬೇಕಾದವರು ಮನೆಯ ಹೆಂಗಸರು. ಅವರನ್ನು ಕೇಳದೆ ಕೈ ಎತ್ತುವುದು ನ್ಯಾಯವಲ್ಲ.

ಅಷ್ಟು ಮಣ್ಣನ್ನು ಹಾಕುವುದಾದರೂ ಎಲ್ಲಿ? ಹಿಂದೆ ಹೊಲವಿತ್ತು. ಈಗ ಪಟ್ಟಣದ ಕೆರೆಯ ಹೂಳಿನಲ್ಲಿ ಚರಂಡಿಯ ಗಸಿಯೂ ಕಾರ್ಖಾನೆಯ ಲೋಹದಂಶವೂ ಸೇರಿರಬಹುದಾದ್ದರಿಂದ, ಪರೀಕ್ಷೆ ಮಾಡಿಸದೆ ಸೊಪ್ಪು ತರಕಾರಿಯ ತೋಟಕ್ಕೆ ಹಾಕತಕ್ಕದ್ದಲ್ಲ. ದೂರಕ್ಕೆ ಸಾಗಿಸಲು ಖರ್ಚು ಹೆಚ್ಚು. ಗುತ್ತಿಗೆದಾರನಿಗೆ ಸುಲಭವಾಗಿ ಹೊಳೆಯುವ ಉಪಾಯವೆಂದರೆ ಎತ್ತಿದ ಹೂಳನ್ನು ಕೆರೆಯ ಅಂಚಿಗೇ ಒಟ್ಟಿ, ಅದರ ಮೇಲೆ ನಡೆದಾಡುವ ದಾರಿ ಮಾಡಿ, ಬೆಂಚು ಹಾಕಿಬಿಡುವುದು. ನೋಡಲು ಅಂದ. ಆದರೆ ಕೆರೆಯು ಸುತ್ತಲೂ ಕಿರಿದಾಯಿತು, ಬಾಣಲೆಯಂತಿದ್ದದ್ದು ಬೋಗುಣಿಯಾಯಿತು. ಕಡಿದಾದ ಅಂಚಿನಲ್ಲಿ ಜೊಂಡು ಬೆಳೆಯದು, ಕೊಕ್ಕರೆ ನಿಲ್ಲಲಾರದು, ಜಾರಿ ಬಿದ್ದ ಮಗು ಮೇಲಕ್ಕೆ ಬರಲಾರದು. ಅಂಚಿನಿಂದ ನಡುವಿಗೆ ಮೆಲ್ಲಮೆಲ್ಲನೆ ಆಳವಾಗುವ ಹಳೆಯ ರೂಪವನ್ನು ಕೆಡಿಸದಂತೆ ಒಪ್ಪಂದದಲ್ಲಿಯೇ ಬರೆಸುವುದು ಲೇಸು.

ಬರೆಸಬೇಕಾದದ್ದು ಇನ್ನೆರಡುಂಟು. ಏರಿಯ ಒಳಬುಡಕ್ಕೆ ತಾಗಿ ಆಳವಾಗಿ ಅಗೆಯಬಾರದು. ಅಗೆದರೆ ಇಳಿಜಾರಿನ ಆಸರೆ ತಪ್ಪಿ ಏರಿಯ ಮೈ ಕುಸಿಯುವುದು. ತಳದ ಜೇಡಿಯನ್ನು ಪೂರ್ತಿಯಾಗಿ ಕೆರೆದು ಮೊರಂಪು ಕಾಣಿಸಬಾರದು. ಶತಮಾನಗಳಿಂದ ಕೂತ ಆ ಪದರವು ಮಡಕೆಯ ತಳದಂತೆ ನೀರನ್ನು ಹಿಡಿದಿಟ್ಟಿರುವುದು. ಹೆಚ್ಚು ಮಣ್ಣೆತ್ತಿದಷ್ಟು ಹೆಚ್ಚು ಹಣ ದೊರೆಯುವ ಗುತ್ತಿಗೆಯಲ್ಲಿ ಈ ಎರಡು ಮಾತುಗಳನ್ನು ಕಾಯಲು ಸಂಘದ ಒಬ್ಬರಾದರೂ ಅಳತೆಕೋಲು ಹಿಡಿದು ನಿಲ್ಲಬೇಕು.

ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ಹಿಂದೆ ಕೆರೆಗಳು ಬೇಸಗೆಯಲ್ಲಿ ಬತ್ತುತ್ತಿದ್ದುವಾದ್ದರಿಂದ ಹೂಳು ತೆಗೆಯಲು ಬಿಡುವು ಸಿಕ್ಕುತ್ತಿತ್ತು. ಈಗ ಮನೆಮನೆಯ ಬಚ್ಚಲ ನೀರು ವರ್ಷವಿಡೀ ಹರಿದು ಬಂದು ಪಟ್ಟಣದ ಅನೇಕ ಕೆರೆಗಳು ಬತ್ತುವುದೇ ಇಲ್ಲ. ಬೆಳ್ಳಂದೂರು ಕೆರೆಯು ನೊರೆ ಕಾರಿ, 2017ರಲ್ಲಿಯೂ 2018ರಲ್ಲಿಯೂ ಹೊತ್ತಿ ಉರಿದುದು ಲೋಕಕ್ಕೆಲ್ಲ ತಿಳಿದ ಕಥೆ; ಅಲ್ಲಿ ಹೂಳೆತ್ತಬೇಕಾದರೆ ಮೊದಲು ಬರುವ ನೀರನ್ನು ಬೇರೆ ಕಾಲುವೆಗೆ ತಿರುಗಿಸಬೇಕಾಯಿತು. ಜಕ್ಕೂರಿನಲ್ಲಿ ಶುದ್ಧೀಕರಣದ ಘಟಕದಿಂದ ಬಂದ ನೀರು ಜೊಂಡಿನ ಜವುಗಿನಲ್ಲಿ ಹಾದು ಕೆರೆಗೆ ಬೀಳುವಂತೆ ಮಾಡಿರುವುದು ಮಾದರಿಯೆನಿಸಿದೆ. ಕೆರೆ ಕೆಟ್ಟಿತೆಂದು ದೂರುವ ವಸತಿಸಮುಚ್ಚಯವು ತನ್ನ ಕೊಳಚೆ ಎಲ್ಲಿಗೆ ಹೋಗುತ್ತದೆಂದು ಒಮ್ಮೆ ನೆಲಮಾಳಿಗೆಗೆ ಇಳಿದು ನೋಡಿದರೆ ಕೆಲವು ಸಲ ಮಾತು ಅಲ್ಲಿಗೇ ನಿಲ್ಲುವುದು.

ಹೂಳೆತ್ತುವುದಕ್ಕಿಂತ ಹೂಳು ಬಾರದಂತೆ ಮಾಡುವುದು ಅಗ್ಗ. ರಾಜಕಾಲುವೆಯು ಕೆರೆಗೆ ಸೇರುವ ಬಾಯಲ್ಲಿ ಒಂದು ಹೂಳುಗುಂಡಿ ತೋಡಿದರೆ, ನೀರಿನ ಓಟ ತಗ್ಗಿ ಮರಳು ಮಣ್ಣು ಅಲ್ಲಿಯೇ ಕೂರುವುದು. ನಲವತ್ತಡಿ ಉದ್ದ, ಇಪ್ಪತ್ತಡಿ ಅಗಲ, ಆರಡಿ ಆಳದ ಗುಂಡಿಯನ್ನು ಬರಿದುಮಾಡಲು ಹದಿನೇಳು ಲಾರಿ ಸಾಕು. ಎರಡು ದಿನದ ಕೆಲಸ. ಇದನ್ನು ವರ್ಷಕ್ಕೆರಡು ಸಲ ತಪ್ಪದೆ ಮಾಡುವ ಸಂಘವು 6,000 ಲಾರಿಗಳ ದಿನವನ್ನು ಬಹುದೂರಕ್ಕೆ ತಳ್ಳುವುದು. ಇದಕ್ಕೆ ಉದ್ಘಾಟನೆಯಿಲ್ಲ, ಹಾರವಿಲ್ಲ, ಭಾವಚಿತ್ರವಿಲ್ಲ. ಆದ್ದರಿಂದ ಎಷ್ಟೋ ಕಡೆ ಗುಂಡಿಯಿದ್ದೂ ತುಂಬಿ ಹುಲ್ಲು ಬೆಳೆದಿದೆ.

ಇನ್ನು ಕೋಡಿ. ಕೋಡಿಯ ನೆತ್ತಿಗೂ ಏರಿಯ ನೆತ್ತಿಗೂ ನಡುವೆ ಬಿಟ್ಟಿರುವ ಎತ್ತರವೇ ಏರಿಯ ಪ್ರಾಣ. ಮಳೆ ಜೋರಾದಾಗ ನೀರು ಏರಲು ಇರುವ ಎಡೆ ಅದು. ನೀರು ಏರಿಯ ಮೇಲೆ ಹರಿಯತೊಡಗಿದರೆ ಮಣ್ಣನ್ನು ಕೊಯ್ದು ಗಳಿಗೆಗಳಲ್ಲಿ ಕಂಡಿ ಮಾಡುವುದು. ಆದರೂ ಕೆರೆ ತುಂಬಿರುವುದನ್ನು ನೋಡುವ ಆಸೆಯಿಂದ ಕೋಡಿಗೆ ಮರಳಿನ ಮೂಟೆ ಇಡಿಸುವವರಿದ್ದಾರೆ. ಮೀನು ತಪ್ಪಿಸಿಕೊಳ್ಳದಂತೆ ಬಲೆ ಕಟ್ಟುವವರೂ ಇದ್ದಾರೆ. ಆ ಬಲೆಗೆ ಕಸ ಸಿಕ್ಕಿ ಅದೂ ಗೋಡೆಯಾಗುವುದು. ನಾನು ಕುಳಿತು ಕೇಳಿದ ಸಭೆಯೊಂದರಲ್ಲಿ ಮೇಲಂತಸ್ತಿನ ಮನೆಯ ಒಬ್ಬ ಗೃಹಸ್ಥರು, ಒಂಬತ್ತಂಗುಲ ಎತ್ತರಿಸಿದರೆ ಬೇಸಗೆಯವರೆಗೂ ನೀರು ನಿಲ್ಲುವುದೆಂದು ಬಹಳ ಚೆನ್ನಾಗಿ ವಾದಿಸಿದರು. ಏರಿಯ ಕೆಳಗಿನ ಸಾಲುಮನೆಗಳ ಕಡೆಯಿಂದ ಬಂದಿದ್ದ ಮುದುಕರೊಬ್ಬರು ಕೊನೆಯಲ್ಲಿ ಎದ್ದು ನಿಂತರು. ಅವರ ತಂದೆ ಆ ಕೆರೆಯ ನೀರುಗಂಟಿಯಾಗಿದ್ದವರು. "ಆಗ್ಲಿ ಸ್ವಾಮಿ, ಮೂಟೆ ಇಡ್ಸಿ. ರಾತ್ರಿ ಎರಡು ಗಂಟೇಲಿ ಮಳೆ ಹುಯ್ದಾಗ ಅದನ್ನ ತೆಗಿಯೋಕೆ ನಿಮ್ ಕಡೆಯಿಂದ ಯಾರ್ ಬರ್ತೀರಿ, ಈಗ್ಲೇ ಹೆಸರು ಬರ್ಸಿ" ಎಂದರು. ಹೆಸರು ಬರೆಸಲು ಯಾರೂ ಮುಂದೆ ಬರಲಿಲ್ಲ. ಕೋಡಿಯು ಇದ್ದಂತೆಯೇ ಉಳಿಯಿತು.

ಕೆರೆಯ ಏರಿ, ತೂಬು, ಕೋಡಿಗಳು ಸರ್ಕಾರದ ಸೊತ್ತು. ಅವುಗಳಿಗೆ ಕೈಹಾಕುವ ಅಧಿಕಾರವು ನಿವಾಸಿಗಳಿಗಿಲ್ಲ. ಉತ್ಸಾಹದಿಂದ ತಾವೇ ಗುದ್ದಲಿ ಎತ್ತುವುದೂ ಕೂಡದು. ಬೆಂಗಳೂರಿನಲ್ಲಂತೂ 2025ರಲ್ಲಿ ಒಂದು ಪಾಲಿಕೆಯಿದ್ದದ್ದು ಐದಾದುದರಿಂದ, ತಮ್ಮ ಕೆರೆ ಈಗ ಯಾರ ವಶದಲ್ಲಿದೆಯೆಂಬುದನ್ನು ಮೊದಲು ಬರಹದಲ್ಲಿ ತಿಳಿದುಕೊಳ್ಳಬೇಕು. ಆದರೆ ಕಣ್ಣಿಟ್ಟಿರುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮೇ ತಿಂಗಳ ಒಂದು ಬೆಳಗ್ಗೆ ನಾಲ್ಕು ಮನೆಯವರು ಕೂಡಿ ಏರಿಯ ಹೊರಬುಡದ ಉದ್ದಕ್ಕೂ ನಡೆಯಬಹುದು. ಎಲ್ಲಿ ನೆಲ ಒದ್ದೆಯಾಗಿದೆ, ಎಲ್ಲಿ ಹೊಸ ಬಿಲವಿದೆ, ಏರಿಯ ನೆತ್ತಿ ಎಲ್ಲಿ ತಗ್ಗಿದೆ, ಕೋಡಿಯ ಕೆಳಗಿನ ಕಾಲುವೆಗೆ ಯಾರು ಕಟ್ಟಡದ ಮಣ್ಣು ಸುರಿದಿದ್ದಾರೆ ಎಂಬುದನ್ನು ಹಳೆಯ ನೋಟುಪುಸ್ತಕವೊಂದರಲ್ಲಿ ತಾರೀಖು ಹಾಕಿ ಬರೆದು, ಒಂದು ಪ್ರತಿಯನ್ನು ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಬಹುದು. ನೀರಿನ ಮಟ್ಟ ತೋರುವ ಕಲ್ಲನ್ನು ಮಳೆಗಾಲದಲ್ಲಿ ದಿನವೂ ನೋಡಿ ಗುರುತುಮಾಡುವ ಕೆಲಸಕ್ಕೆ ಹೈಸ್ಕೂಲು ಹುಡುಗ ಹುಡುಗಿಯರು ದೊಡ್ಡವರಿಗಿಂತ ನಿಯಮವಾಗಿ ಬರುವರು. ತೂಬಿಗೆ ಬಾಗಿಲಿರುವ ಕೆರೆಯಾದರೆ ಅದು ತಿರುಗುವುದೇ ಎಂದು ಮಳೆಗೆ ಮೊದಲು ಇಲಾಖೆಯವರಿಂದ ಒಮ್ಮೆ ತಿರುಗಿಸಿ ನೋಡಿಸತಕ್ಕದ್ದು. ಅದರ ಬೀಗದ ಕೈ ಯಾರ ಮನೆಯ ಮೊಳೆಯಲ್ಲಿ ತೂಗುತ್ತಿದೆಯೆಂದು ಅಂದೇ ಕೇಳಿ, ಆ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡುವುದು.